ಮೈಬಾಕ್ ಮೀಮಾಂಸೆ

ಮ್ಯೂನಿಕ್ಕಿನಲ್ಲಿ ಏಪ್ರಿಲ್ ಕೊನೆಗೆ ಪೀಪಾಯಿಯಿಂದಿಳಿಯುವ ಮೈಬಾಕ್ ಎಂಬ ಬಿಯರಿನ ವಿಷಯದಲ್ಲಿ ಪೂರ್ವಪಕ್ಷ ಹೀಗಿದೆ: ಇದು ಸಾಧು ಪಾನೀಯ, ಬಣ್ಣ ತಿಳಿಯಾಗಿರುವುದರಿಂದ, ಯಾವುದು ತಿಳಿಯೋ ಅದು ಸಾಧು, ಮಾಮೂಲಿ ಲಾಗರಿನಂತೆ. ಹೊಗೆ ಕಂಡು ಬೆಂಕಿ ಊಹಿಸಿದವರ ವಂಶಸ್ಥರಿಗೆ ಈ ಅನುಮಾನ ರುಚಿಸುವುದು ಸಹಜ. ಅವರಿಗೆ ಅರ್ಧ ಲೀಟರ್ ಕುಡಿಸಿ ಸ್ವಲ್ಪ ಹೊತ್ತು ಕಾಯುವುದೇ ಉತ್ತರಪಕ್ಷ.

ಹೇತು ಕೆಟ್ಟದ್ದೆಲ್ಲಿ? ಬಣ್ಣ ಬರುವುದು ಮಾಲ್ಟನ್ನು ಎಷ್ಟು ಹುರಿದರೆಂಬುದರಿಂದ, ಅಮಲು ಬರುವುದು ಎಷ್ಟು ಸುರಿದರೆಂಬುದರಿಂದ. ಹುದುಗೇಳುವ ಮುನ್ನ ರಸದಲ್ಲಿ ಶೇಕಡಾ 16ರಷ್ಟಾದರೂ ಸಾರ ಕರಗಿರದಿದ್ದರೆ ಜರ್ಮನಿಯಲ್ಲಿ ಅದಕ್ಕೆ ಬಾಕ್ ಎಂಬ ಪದವಿಯಿಲ್ಲ. ಮಾಮೂಲಿ ಲಾಗರಿಗೆ 11–12 ಸಾಕು. ತಣ್ಣಗೆ ದುಡಿಯುವ ಯೀಸ್ಟು ಬಾಕಿನ ಸಾರದ ಬಹುಪಾಲನ್ನು ಮೇಯ್ದು, ಬಿಯರು ವಾರಗಟ್ಟಲೆ ಶೀತದಲ್ಲಿ ಮಾಗಿದಾಗ ಮದ್ಯಸಾರ ಶೇಕಡಾ 7ರ ಆಸುಪಾಸು. ಹೊರಗೆ ಹೊಂಬಣ್ಣ, ಒಳಗೆ ಪೈಲ್ವಾನ.

ಆಪ್ತವಾಕ್ಯ ಬೇಕೆನ್ನುವವರಿಗೆ: ಬವೇರಿಯಾದ ದೊರೆಗಳು ಉತ್ತರದ ಐನ್‌ಬೆಕ್ ಊರಿನ ಬಿಯರನ್ನು, ಅಂದರೆ ಬಾಕಿನ ಪೂರ್ವಜನನ್ನು, ದುಡ್ಡು ಸುರಿದು ತರಿಸುತ್ತಿದ್ದರು. ಖರ್ಚು ತಾಳದೆ 1589ರಲ್ಲಿ ಹೋಫ್‌ಬ್ರಾಯ್‌ಹೌಸ್ ಎಂಬ ಸ್ವಂತ ಬಿಯರ್ ತಯಾರಿಕಾಲಯ ಸ್ಥಾಪಿಸಿದರು. ಆದರೂ ಆ ಖಾರ ಬರಲಿಲ್ಲ. ಕೊನೆಗೆ 1614ರ ಹೊತ್ತಿಗೆ ಐನ್‌ಬೆಕ್ಕಿನಿಂದ ಎಲಿಯಾಸ್ ಪಿಶ್ಲರ್ ಎಂಬ ಬಿಯರ್ ತಯಾರಕನನ್ನೇ ಕರೆಸಿಕೊಂಡರು. ಗ್ರಂಥ ಸಿಗದಿದ್ದರೆ ಪಂಡಿತನನ್ನೇ ಎತ್ತಿ ತರುವ ಈ ಸಂಶೋಧನಾ ಪದ್ಧತಿ ನಮ್ಮ ವಿಶ್ವವಿದ್ಯಾಲಯಗಳಿಗೆ ಹೊಸದೇನಲ್ಲ.

ಇನ್ನು ರಸವಿಚಾರ. ಸ್ಥಾಯೀಭಾವ ಮಾಲ್ಟಿನ ಸಿಹಿ, ಬ್ರೆಡ್ಡಿನ ಅಂಚಿನ ವಾಸನೆಯೊಡನೆ. ಸಂಚಾರೀಭಾವ ಹಾಪ್ಸ್‌ನ ಕಹಿ. ಕಪ್ಪು ಬಾಕ್ ಸೋದರರಲ್ಲಿ ಇರುವುದಕ್ಕಿಂತ ಇಲ್ಲಿ ತುಸು ಮುಂದೆ ಬಂದು ನಿಲ್ಲುತ್ತದೆ. ಗಂಟಲಿನ ಬಿಸುಪು ಅನುಭಾವ. ನೊರೆ ಬಿಯರಿನ ಅಂಗವೋ ಉಪಾಂಗವೋ ಎಂಬ ಚರ್ಚೆಯನ್ನು ಜರ್ಮನರು ಲೋಟಕ್ಕೆ ಅಳತೆಗೆರೆ ಎಳೆದು ಮುಗಿಸಿಬಿಟ್ಟಿದ್ದಾರೆ. ದಾರ್ಶನಿಕರಿಗೆ ಇದರಿಂದ ಆದ ನಷ್ಟ ಅಷ್ಟಿಷ್ಟಲ್ಲ.

ಪ್ರತ್ಯಕ್ಷ ಪ್ರಮಾಣವನ್ನೇ ನಂಬೋಣವೆಂದರೆ ಅಲ್ಲೂ ತೊಡಕು. ಪ್ರಮೇಯ ಹೊಟ್ಟೆಗಿಳಿದಷ್ಟೂ ಪ್ರಮಾತೃ ಸಡಿಲವಾಗುತ್ತಾನೆ. ಮೊದಲ ಲೋಟದ ಟಿಪ್ಪಣಿ ದುಂಡಗೆ, ಎರಡನೆಯದು ಓರೆಯಾಗಿ. ಮೂರನೆಯದನ್ನು ಶಾಸನತಜ್ಞರಿಗೆ ಒಪ್ಪಿಸಬೇಕು.

ಆದ್ದರಿಂದ ಕುಡಿಯದವನಿಗೂ ಕಾಣುವ ಲಿಂಗ, ಅಂದರೆ ಕುರುಹು, ಬೇಕು. ಅದು ಹೋಫ್‌ಬ್ರಾಯ್‌ಹೌಸಿನಲ್ಲೇ ಇದೆ. ಹೊಸ ಮೈಬಾಕಿನ ಪೀಪಾಯಿ ತೆರೆವ ದಿನ ಹಾಸ್ಯಗಾರನೊಬ್ಬ ನಿಂತು, ಎದುರಿಗೇ ಕೂತ ರಾಜಕಾರಣಿಗಳನ್ನು ಹೆಸರು ಹಿಡಿದು ಜಾಡಿಸುತ್ತಾನೆ. ಅವರು ನಗುತ್ತಾರೆ. ಇದಕ್ಕೆ ಮದ್ಯಸಾರವಲ್ಲದೆ ಬೇರೆ ಕಾರಣ ತೋರಿಸಬಲ್ಲವರು ವಾದಕ್ಕೆ ಬರಬಹುದು.