ಗ್ರಂಥಾಲಯಶಾಸ್ತ್ರದ ಆರನೆಯ ಸೂತ್ರ: ಒಂದು ಸಂಶೋಧನಾತ್ಮಕ ವಿವೇಚನೆ

ಪೀಠಿಕೆ

ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯಶಾಸ್ತ್ರಕ್ಕೆ ಐದು ಸೂತ್ರಗಳನ್ನು ಕೊಟ್ಟರು. ಪುಸ್ತಕ ಇರುವುದು ಬಳಸಲಿಕ್ಕೆ, ಓದುಗನಿಗೆ ತಕ್ಕ ಪುಸ್ತಕ ಸಿಗಬೇಕು, ಅವನ ಸಮಯ ಉಳಿಯಬೇಕು ಇತ್ಯಾದಿ ವಿಚಾರಗಳು ಪರೀಕ್ಷೆ ಮುಗಿಯುವವರೆಗಾದರೂ ಎಲ್ಲ ಗ್ರಂಥಪಾಲಕರಿಗೂ ನೆನಪಿದ್ದವು. ಗಣಿತದ ಮೇಷ್ಟ್ರಾಗಿದ್ದ ರಂಗನಾಥನ್ ಲೆಕ್ಕದಲ್ಲಿ ಒಂದನ್ನು ಬಿಟ್ಟರು ಎಂಬುದು ಈ ಪ್ರಬಂಧದ ವಿನಮ್ರ ಶೋಧ. ಅವರು ಬಿಟ್ಟುದನ್ನು ನಮ್ಮ ಕಾಲೇಜು ಗ್ರಂಥಾಲಯಗಳು ಯಾವ ಗ್ರಂಥದ ನೆರವೂ ಇಲ್ಲದೆ ಆಚರಣೆಯಲ್ಲೇ ತುಂಬಿಕೊಟ್ಟಿವೆ. ಅದು ಹೀಗಿದೆ:

ಸೂತ್ರ 6: ಪುಸ್ತಕ ಸಿಗದಿದ್ದರೂ ಸರಿ, ಓದುಗ ಸಿಗಬೇಕು.

ಆಕರ ಸಾಮಗ್ರಿ

ನಮ್ಮ ಅಧ್ಯಯನದ ಮುಖ್ಯ ಆಕರ ಗೇಟ್ ರಿಜಿಸ್ಟರ್. ಬಾಗಿಲ ಬಳಿಯ ಮೇಜಿನ ಮೇಲೆ, ದಾರ ಕಟ್ಟಿದ ಪೆನ್ನಿನ ಸಹಿತ, ಇದು ರಾಜ್ಯದುದ್ದಕ್ಕೂ ದೊರೆಯುತ್ತದೆ. ದಾರ ಕೊನೆಯ ಕಾಲಮ್ಮಿಗೆ ಎಟುಕದ ಕಾರಣ ಸಹಿಗಳೆಲ್ಲ ಎಡಕ್ಕೆ ವಾಲಿರುವುದು ಇದರ ಲಿಪಿವಿಶೇಷ. ಹೆಸರು, ತರಗತಿ, ನೋಂದಣಿ ಸಂಖ್ಯೆ, ಮೊಬೈಲ್ ನಂಬರು, ಬಂದ ಸಮಯ, ಹೋದ ಸಮಯ, ಉದ್ದೇಶ, ಸಹಿ ಎಂದು ಎಂಟು ಕಾಲಮ್ಮು. ಉದ್ದೇಶದ ಕಾಲಮ್ಮಿನಲ್ಲಿ ಬೆಳಿಗ್ಗೆ ಮೊದಲು ಬಂದವನು ‘ಓದಲು’ ಎಂದು ಬರೆಯುತ್ತಾನೆ. ಸಂಜೆವರೆಗೆ ಬಂದವರೆಲ್ಲ ಅದರ ಕೆಳಗೆ ಎರಡೆರಡು ಗೀಟು ಎಳೆದು ಒಳಗೆ ಹೋಗುತ್ತಾರೆ. ಫ್ಯಾನಿನ ಕೆಳಗೆ ಮಲಗಲು ಬಂದವರು, ಫೋನ್ ಚಾರ್ಜ್ ಮಾಡಲು ಬಂದವರು, ಗೆಳತಿಗೆ ಕಾಯುವವರು, ಎಲ್ಲರದೂ ಒಂದೇ ಉದ್ದೇಶ. ಕನ್ನಡನಾಡಿನ ಯಾವ ಶಾಸನದಲ್ಲೂ ಇಷ್ಟು ಒಮ್ಮತ ಕಂಡುಬಂದಿಲ್ಲ.

ಮೊಬೈಲ್ ನಂಬರಿನ ಕಾಲಮ್ಮನ್ನು ಗ್ರಂಥಪಾಲಕರು ಓದಿದ್ದಕ್ಕೆ ಪುರಾವೆಯಿಲ್ಲ. ಅದನ್ನು ಶ್ರದ್ಧೆಯಿಂದ ಓದುವವನು ಕೆಳಗಿನ ಸಾಲಿನಲ್ಲಿ ಸಹಿ ಹಾಕುವ ಹುಡುಗ. ಮೇಲಿನ ಸಾಲಿನಲ್ಲಿ ಒಂದು ಹುಡುಗಿಯ ಹೆಸರು, ಪಕ್ಕದಲ್ಲಿ ಹತ್ತು ಅಂಕಿ. ರಾತ್ರಿ ಹತ್ತೂವರೆಗೆ ಆಕೆಯ ವಾಟ್ಸಾಪಿಗೆ ‘ಹಾಯ್’ ಬರುತ್ತದೆ. ಮರುದಿನದಿಂದ ಆಕೆ ನಂಬರಿನ ಕೊನೆಯ ಎರಡು ಅಂಕಿ ಅದಲುಬದಲು ಮಾಡಿ ಬರೆಯತೊಡಗುತ್ತಾಳೆ. ಇದರಿಂದ ಆಕರದ ವಿಶ್ವಾಸಾರ್ಹತೆ ಕುಂದುತ್ತದೆ ಎಂಬುದು ಸಂಶೋಧಕರಾದ ನಮ್ಮ ಏಕೈಕ ಚಿಂತೆ.

ಈ ರಿಜಿಸ್ಟರ್ ಯಾಕೆ ಎಂದು ಕೇಳಿದರೆ ‘ನ್ಯಾಕ್‌ಗೆ ಬೇಕು’ ಎಂಬ ಉತ್ತರ ಸಿದ್ಧವಿರುತ್ತದೆ. ದಿನಕ್ಕೆ ಎಷ್ಟು ಮಂದಿ ಗ್ರಂಥಾಲಯ ಬಳಸುತ್ತಾರೆ ಎಂಬ ಲೆಕ್ಕವನ್ನು ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಕೇಳಿದ್ದು ನಿಜ. ಅದಕ್ಕೆ ತಲೆ ಎಣಿಸಿದರೆ ಸಾಕಿತ್ತು. ಬರಿಯ ತಲೆ ಎಣಿಸುವುದು ಶಾಸ್ತ್ರೀಯವಲ್ಲವೆಂದು ನಾವು ಒಂದೊಂದು ತಲೆಗೂ ಫೋನ್ ನಂಬರು ಜೋಡಿಸಿದೆವು.

ವರ್ಗೀಕರಣ

ರಂಗನಾಥನ್ ಅವರ ಕೋಲನ್ ವರ್ಗೀಕರಣ ಬಂದದ್ದು 1933ರಲ್ಲಿ. ಪುಸ್ತಕದ ವಿಷಯವನ್ನು ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದು ಮುಖಗಳಲ್ಲಿ ಬಿಡಿಸಿ ನೋಡುವುದನ್ನು ಅವರು ಕಲಿಸಿದರು. ಆರನೆಯ ಸೂತ್ರದ ಅನುಯಾಯಿಗಳು ಇದೇ ಪಂಚಮುಖಗಳನ್ನು ಓದುಗನಿಗೆ ಅನ್ವಯಿಸಿದ್ದಾರೆ. ವ್ಯಕ್ತಿತ್ವವೆಂದರೆ ವಿಶ್ವವಿದ್ಯಾಲಯ ಕೊಡುವ ನೋಂದಣಿ ಸಂಖ್ಯೆ, ಅಂದರೆ ಯುಎಸ್‌ಎನ್. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ವಿದ್ಯಾರ್ಥಿಯೊಬ್ಬನ ವಲಯ, ಕಾಲೇಜು, ಸೇರಿದ ವರ್ಷ, ವಿಭಾಗ, ಕ್ರಮಸಂಖ್ಯೆ ಎಲ್ಲವೂ ಆ ಹತ್ತು ಅಕ್ಷರ-ಅಂಕಿಗಳಲ್ಲಿ ಅಡಗಿವೆ. ಅದನ್ನು ಪುಸ್ತಕದ ಹಾಗೆ ಬೆನ್ನಿಗೆ ಅಂಟಿಸಬೇಕಿಲ್ಲ, ಕುತ್ತಿಗೆಯಲ್ಲಿ ಐಡಿ ಕಾರ್ಡ್ ಈಗಾಗಲೇ ನೇತಾಡುತ್ತಿದೆ. ದ್ರವ್ಯವೆಂದರೆ ತೆಗೆದುಕೊಂಡ ಪುಸ್ತಕ. ಶಕ್ತಿಯೆಂದರೆ ರಿನ್ಯೂವಲ್, ರಿಟರ್ನ್, ಫೈನ್. ದೇಶವನ್ನು ಸಿಸಿಟಿವಿಯೂ ಕಾಲವನ್ನು ಬೆರಳಚ್ಚಿನ ಯಂತ್ರವೂ ನೋಡಿಕೊಳ್ಳುತ್ತವೆ.

ಈ ಪದ್ಧತಿಯ ಫಲಿತಾಂಶಕ್ಕೆ ಒಂದು ಕಾಲ್ಪನಿಕ ನಿದರ್ಶನ. ಕಾನೂನು ವಿದ್ಯಾರ್ಥಿನಿಯೊಬ್ಬಳು 1954ರ ವಿಶೇಷ ವಿವಾಹ ಕಾಯ್ದೆಯ ಮೇಲಿನ ಪುಸ್ತಕವನ್ನು ಇಂಟರ್ನಲ್ಸ್‌ಗೆಂದು ಒಯ್ಯುತ್ತಾಳೆ. ಹಿಂದಿರುಗಿಸುವ ದಿನ ಮೀರುತ್ತದೆ. ಗ್ರಂಥಾಲಯದ ತಂತ್ರಾಂಶ ಪುಸ್ತಕದ ಹೆಸರು ಸಹಿತ ಎಸ್‌ಎಂಎಸ್ ಕಳಿಸುತ್ತದೆ. ಪ್ರವೇಶದ ಅರ್ಜಿಯಲ್ಲಿದ್ದ ನಂಬರು ತಂದೆಯದು. ತಂದೆ ಮೆಸೇಜನ್ನು ಎರಡು ಸಲ ಓದಿ, ಗದ್ದೆಯಿಂದ ನೇರವಾಗಿ ಬಸ್‌ಸ್ಟ್ಯಾಂಡಿಗೆ ಹೋಗುತ್ತಾರೆ. ದಂಡ ನಾಲ್ಕು ರೂಪಾಯಿ; ಬಸ್ ಚಾರ್ಜು, ಹಾಸ್ಟೆಲ್ ಮುಂದಿನ ರಂಪ ಪ್ರತ್ಯೇಕ.

ಇತಿಹಾಸ

ಹಿಂದಿನವರು ಇಷ್ಟು ಮುಂದುವರಿದಿರಲಿಲ್ಲ. 19ನೆಯ ಶತಮಾನದ ಕೊನೆಗೆ ಅಮೆರಿಕದ ನೀನಾ ಬ್ರೌನ್ ರೂಪಿಸಿದ ಪದ್ಧತಿ ನಮ್ಮಲ್ಲೂ ಬಹುಕಾಲ ಬಳಕೆಯಲ್ಲಿತ್ತು. ಪುಸ್ತಕದ ಕಾರ್ಡನ್ನು ಓದುಗನ ಟಿಕೆಟ್ಟಿನ ಜೇಬಿಗೆ ಸಿಕ್ಕಿಸಿ, ತಾರೀಖಿನ ಪ್ರಕಾರ ಟ್ರೇಯಲ್ಲಿ ಇಡುತ್ತಿದ್ದರು. ಪುಸ್ತಕ ಬಂದ ಕೂಡಲೇ ಕಾರ್ಡು ಪುಸ್ತಕಕ್ಕೆ, ಟಿಕೆಟ್ಟು ಓದುಗನ ಕೈಗೆ. ಯಾರು ಏನು ಓದಿದರು ಎಂಬುದಕ್ಕೆ ಆಮೇಲೆ ಕುರುಹೇ ಇಲ್ಲ! ಪುಸ್ತಕ ಎಲ್ಲಿದೆ ಎಂದು ತಿಳಿಯಲು ಎಷ್ಟು ಬೇಕೋ ಅಷ್ಟೇ ತಿಳಿದು, ಕೆಲಸ ಮುಗಿದ ಕ್ಷಣ ಮರೆತುಬಿಡುವ ಈ ಪದ್ಧತಿಯನ್ನು ನಾವು ಅವೈಜ್ಞಾನಿಕವೆಂದು ಕೈಬಿಟ್ಟು ಬಾರ್‌ಕೋಡಿಗೆ ಬಂದೆವು.

ಆದರೆ ನ್ಯೂಜಿಲೆಂಡಿನಲ್ಲಿ ಹುಟ್ಟಿ 2000ದಲ್ಲಿ ಬಳಕೆಗೆ ಬಂದ, ನಮ್ಮ ಎಷ್ಟೋ ಕಾಲೇಜುಗಳು ಉಚಿತವಾಗಿ ಬಳಸುವ ಕೋಹಾ ತಂತ್ರಾಂಶದಲ್ಲೂ ಇದೇ ಹಳೆಯ ದೋಷ ನುಸುಳಿದೆ. ವಾಪಸು ಬಂದ ಪುಸ್ತಕದ ದಾಖಲೆಯಿಂದ ಓದುಗನ ಹೆಸರನ್ನು ಅಳಿಸಿಹಾಕುವ ಸೌಲಭ್ಯ ಅದರಲ್ಲಿದೆ. ಪುಣ್ಯಕ್ಕೆ ಅದು ಸೆಟ್ಟಿಂಗ್ಸ್ ಒಳಗೆ ಕೂತಿದೆ. ಅಲ್ಲಿಗೆ ಯಾರೂ ಹೋಗುವುದಿಲ್ಲ.

ಪೂರ್ವಪಕ್ಷ ಮತ್ತು ಖಂಡನೆ

ಮೊದಲ ಆಕ್ಷೇಪ: ಖಾಸಗಿತನ ಮೂಲಭೂತ ಹಕ್ಕಲ್ಲವೇ? ಹೌದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹಾಗೆಂದಿತು. ಆ ತೀರ್ಪಿನ ಪ್ರತಿ ನಮ್ಮ ಗ್ರಂಥಾಲಯದಲ್ಲೂ ಇದೆ. ಯಾರು ಯಾರು ನೋಡಿದರು ಎಂಬ ಪಟ್ಟಿಯೂ ಇದೆ.

ಎರಡನೆಯ ಆಕ್ಷೇಪ: 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಗತ್ಯವಿದ್ದಷ್ಟೇ ಮಾಹಿತಿಗೆ ಒಪ್ಪಿಗೆ ಪಡೆಯಬೇಕು, ಉದ್ದೇಶ ತೀರಿದ ಮೇಲೆ ಅಳಿಸಬೇಕು, 18 ತುಂಬದವರಾದರೆ ಪೋಷಕರ ಒಪ್ಪಿಗೆ ಬೇಕು. ಪಿಯು ಹುಡುಗರ ಗತಿಯೇನು? ಸಮಾಧಾನ: ಕಾಯ್ದೆಯ ಹೆಸರಿನಲ್ಲೇ ‘ಡಿಜಿಟಲ್’ ಇದೆ, ನಮ್ಮ ರಿಜಿಸ್ಟರಿಗೆ ರಟ್ಟಿನ ಬೈಂಡಿದೆ. ಅದನ್ನು ಸ್ಕ್ಯಾನ್ ಮಾಡಿ ಕಾಲೇಜಿನ ವೆಬ್‌ಸೈಟಿಗೆ ಏರಿಸಿದ ಕ್ಷಣದಿಂದ ಕಾಯ್ದೆಯೊಳಗೆ ಬರುತ್ತದಲ್ಲವೇ ಎಂದು ಕೇಳುವವರು ವಿತಂಡವಾದಿಗಳು. ಓದುಗ ಪುಸ್ತಕವನ್ನು ಹದಿನೈದು ದಿನಕ್ಕೆ ಒಯ್ದು ತಡಮಾಡಿದರೆ ದಿನಕ್ಕಿಷ್ಟು ದಂಡ. ಗ್ರಂಥಾಲಯ ಓದುಗನ ಮಾಹಿತಿಯನ್ನು ಒಯ್ದು ಹದಿನೈದು ವರ್ಷವಾದರೂ ಹಿಂದಿರುಗಿಸದಿದ್ದರೆ ಅದಕ್ಕೆ ಸಂರಕ್ಷಣೆ ಎಂದು ಹೆಸರು.

ಮೂರನೆಯ ಆಕ್ಷೇಪ: 2005ರಲ್ಲಿ ಅಮೆರಿಕದ ಕನೆಕ್ಟಿಕಟ್‌ನ ನಾಲ್ವರು ಗ್ರಂಥಪಾಲಕರು, ಬಳಕೆದಾರರ ಮಾಹಿತಿ ಕೇಳಿದ ಎಫ್‌ಬಿಐ ಪತ್ರವನ್ನು ಧಿಕ್ಕರಿಸಿ ನ್ಯಾಯಾಲಯಕ್ಕೆ ಹೋಗಲಿಲ್ಲವೇ? ಹೋದರು. ನಮ್ಮಲ್ಲಿ ಅಂಥ ಹಟಮಾರಿತನಕ್ಕೆ ಆಸ್ಪದವಿಲ್ಲ. ಪತ್ರದ ಗೊಡವೆಯೂ ಬೇಕಿಲ್ಲ, ವಾರ್ಡನ್ನರ ಒಂದು ಫೋನ್ ಸಾಕು.

ನಾಲ್ಕನೆಯದು ಆಕ್ಷೇಪವಲ್ಲ, ನಮ್ಮದೇ ಪಕ್ಷದ ವಜ್ರಾಯುಧ: ‘ಓದುವುದರಲ್ಲಿ ಮುಚ್ಚಿಡುವಂಥದ್ದೇನಿದೆ?’ ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಬಾಗಿಲಿಗೆ ಪರದೆ ಕಟ್ಟಿಕೊಂಡು, ‘ಅನುಮತಿಯಿಲ್ಲದೆ ಪ್ರವೇಶವಿಲ್ಲ’ ಎಂಬ ಫಲಕದ ಹಿಂದೆ ಕುಳಿತವರು ಕೇಳುತ್ತಾರೆ.

ಉಪಸಂಹಾರ

ಹೀಗೆ ಆರನೆಯ ಸೂತ್ರವು ಸರ್ವಮಾನ್ಯವೆಂದು ಸಿದ್ಧವಾಯಿತು. ಕಾನೂನಾಗಲಿ ತಂತ್ರಜ್ಞಾನವಾಗಲಿ ಇದನ್ನು ಅಲುಗಿಸಲಾರವು. ಇದಕ್ಕಿರುವ ಗಂಡಾಂತರ ಒಂದೇ. ಹೊಸದಾಗಿ ಸೇರಿದ ಯಾರೋ ಒಬ್ಬ ಗ್ರಂಥಪಾಲಕಿ ಹೊಸ ರಿಜಿಸ್ಟರಿಗೆ ಗೆರೆ ಎಳೆಯುವಾಗ ‘ಈ ಮೊಬೈಲ್ ನಂಬರಿನ ಕಾಲಮ್ಮು ನಮಗೆ ಯಾತಕ್ಕೆ ಬೇಕು ಸಾರ್?’ ಎಂದು ಕೇಳಿಬಿಡಬಹುದು. ಆ ಪ್ರಶ್ನೆಗೆ ಶಾಸ್ತ್ರದಲ್ಲಿ ಉತ್ತರವಿಲ್ಲ. ಆದ್ದರಿಂದ ಅಂಥವರನ್ನು ತಡಮಾಡದೆ ಪರೀಕ್ಷಾ ವಿಭಾಗದ ಕೆಲಸಕ್ಕೆ ನಿಯೋಜಿಸತಕ್ಕದ್ದು ಎಂದು ಈ ಪ್ರಬಂಧವು ಶಿಫಾರಸು ಮಾಡುತ್ತದೆ.