ನೀಲಗಿರಿಯ ಮೊಂಡುತನ

ಬಂಗಾರಪೇಟೆ, ಕೆಜಿಎಫ್ ಸುತ್ತಮುತ್ತ ಲೇತಿನಲ್ಲಿ ಬಟ್ಟಲು ಕಡೆಯುವವರಿಗೆ ಮರಕ್ಕೆ ಬರವಿಲ್ಲ; ಆದರೆ ಕಣ್ಣಿಗೆ ಬೀಳುವುದೆಲ್ಲ ನೀಲಗಿರಿ. 2017ರಲ್ಲಿ ಸರ್ಕಾರ ಅದನ್ನು ಹೊಸದಾಗಿ ನೆಡಬಾರದೆಂದಿತು. ಕಡಿದ ಬುಡದಿಂದಲೇ ಚಿಗುರುವ ಮರಕ್ಕೆ ಆದೇಶ ಓದುವ ಅಭ್ಯಾಸವಿಲ್ಲ. ಅಗ್ಗವೆಂದು ಹಸಿಯಾಗಿಯೇ ಲೇತಿಗೆ ಏರಿಸಿದರೆ ದುಂಡು ಬಟ್ಟಲು ಕೆಲವೇ ದಿನಗಳಲ್ಲಿ ದೋಣಿಯಾಗುತ್ತದೆ: ಎಳೆ ತಿರುಚು, ಕುಗ್ಗುವಿಕೆ ವಿಪರೀತ. ಬೇವು, ಮಾವು ಸಾಧು ಜಾತಿ. ಮಾವಿಗೆ ಮಾತ್ರ ಹುಳು, ಬೂಷ್ಟಿನ ಕಾಟ. ಹುಣಸೆಯ ಕಪ್ಪು ಚೇಗು ನೋಡಲು ಚೆಂದ, ಉಳಿಗೆ ಶತ್ರು.

ಒಣಗಿಸುವುದರಲ್ಲೇ ಅರ್ಧ ವಿದ್ಯೆ. ನೀರು ಪಕ್ಕಗಳಿಗಿಂತ ಕೊಯ್ದ ತುದಿಗಳಿಂದ ಬೇಗ ಹೊರಡುತ್ತದೆ. ತುದಿ ಕುಗ್ಗಿ ನಡು ಕುಗ್ಗದಿದ್ದರೆ ಸೀಳು ಖಾತ್ರಿ. ಹಾಗಾಗಿ ಕಡಿದ ದಿನವೇ ತುದಿಗೆ ಮೇಣವನ್ನೋ ಮನೆಯಲ್ಲಿ ಮಿಕ್ಕ ಪೇಂಟನ್ನೋ ಬಳಿಯಬೇಕು. ಹಲಗೆಗಳ ನಡುವೆ ರೀಪರ್ ಪಟ್ಟಿ ಇಟ್ಟು, ನೆರಳಲ್ಲಿ ಗಾಳಿಯಾಡುವಂತೆ ಪೇರಿಸಬೇಕು. ಒಂದಿಂಚು ದಪ್ಪಕ್ಕೆ ಒಂದು ವರ್ಷ ಎಂಬುದು ಹಳೆಯ ಅಂದಾಜು. ಏಪ್ರಿಲ್ ಬಿಸಿಲಿಗೆ ಹರವಿ ವಾರದಲ್ಲಿ ಮುಗಿಸುವ ಜಾಣರಿಗೆ ಸಿಗುವುದು ಒಳ್ಳೆಯ ಸೌದೆ.

ಮೆರುಗಿಗೆ ಚನ್ನಪಟ್ಟಣದ ದಾರಿ ಸಲೀಸು: ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೆ ಕರಗಿ ಹತ್ತುತ್ತದೆ, ಮೇಲೆ ತಾಳೆಗರಿ ಒತ್ತಿದರೆ ಹೊಳಪು. ಅಗಸೆ ಎಣ್ಣೆ ಹಚ್ಚುವವರು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯದೆ ಹರವಿ ಒಣಗಿಸಬೇಕು; ಅದು ತಾನಾಗಿಯೇ ಹೊತ್ತಿಕೊಳ್ಳಬಲ್ಲದು.