ಪಿರಿಯಾಪಟ್ಟಣ ಸೀಮೆಯಲ್ಲಿ ಗಮನಕ್ಷಯ: ಒಂದು ಬಹುಶಿಸ್ತೀಯ ತಾತ್ವಿಕ ಮರುಚಿಂತನೆ

ಪ್ರಸ್ತುತ ಪ್ರಬಂಧವು ಸ್ಮಾರ್ಟ್‌ಫೋನೋತ್ತರ ಗ್ರಾಮೀಣ ಓದುಗಪ್ರಜ್ಞೆಯ ವಿಘಟನಾತ್ಮಕ ನೆಲೆಗಳನ್ನು ಪಿರಿಯಾಪಟ್ಟಣದ ಬಸ್ ನಿಲ್ದಾಣವನ್ನು ಕೇಂದ್ರವಾಗಿಟ್ಟುಕೊಂಡು ಅನುಸಂಧಾನಿಸುತ್ತದೆ. (ಈ ವಾಕ್ಯವನ್ನು ಒಂದೇ ಉಸಿರಿಗೆ ಮುಗಿಸಿದವರಿಗೆ ಗಮನದ ಕೊರತೆಯಿಲ್ಲ, ಅವರು ಎದ್ದು ಹೋಗಬಹುದು.)

ಓದುಗರಲ್ಲಿ ಐದು ಪ್ರಭೇದ. ಒಂದು, ಅಂಗುಷ್ಠಸಂಚಾರಿ: ಹುಣಸೂರಿನ ಬಸ್ಸು ಬರುವಷ್ಟರಲ್ಲಿ ಲೆಕ್ಕವಿಲ್ಲದಷ್ಟು ರೀಲ್ಸ್ ದಾಟುವವನು. ಎರಡು, ಶೀರ್ಷಿಕಾಸಂತೃಪ್ತ: ತಲೆಬರಹವಷ್ಟೇ ಓದಿ ಟೀ ಅಂಗಡಿಯಲ್ಲಿ ಒಳಸುದ್ದಿ ಹೇಳುವವನು. ಮೂರು, ಅಪಠಿತಪ್ರೇಷಕ: ಓದದೆಯೇ ಎಲ್ಲರಿಗೂ ಫಾರ್ವರ್ಡ್ ಮಾಡುವವನು, ಇವರಲ್ಲಿ ನಿವೃತ್ತ ಮೇಷ್ಟ್ರುಗಳೇ ಹೆಚ್ಚು. ಉಳಿದೆರಡು ಹೇಳುವಷ್ಟರಲ್ಲಿ ವಿಚಾರಸಂಕಿರಣಗಳಲ್ಲಿ ಊಟದ ಹೊತ್ತಾಗಿರುತ್ತದೆ, ಬಿಡಿ.

ಐತಿಹಾಸಿಕ ನೆಲೆ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಮೂರನೆಯ ಮಂಗರಸ 16ನೆಯ ಶತಮಾನದ ಆರಂಭದಲ್ಲಿ ‘ಸೂಪಶಾಸ್ತ್ರ’ ಬರೆದ. ಅಡುಗೆ ಹೇಳುವುದಕ್ಕೂ ಷಟ್ಪದಿ! ಈಗ ಕಜ್ಜಾಯ ಮೂವತ್ತು ಸೆಕೆಂಡಿನ ರೀಲ್ಸ್‌ನಲ್ಲಿ ಬೆಂದು ತಟ್ಟೆಯೂ ಖಾಲಿ. ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳಲ್ಲಿ ನಾಲ್ಕನೆಯದು, ಓದುಗನ ಸಮಯ ಉಳಿಸಿ ಎಂಬುದು. ಮೊಬೈಲು ಓದನ್ನೇ ತಪ್ಪಿಸಿ ಪೂರ್ತಿ ಉಳಿಸಿಕೊಟ್ಟಿದೆ.

ಇಂಥದ್ದನ್ನೇ ಚರ್ಚಿಸುವ ವಿಚಾರಸಂಕಿರಣವೊಂದರಲ್ಲಿ ‘ಗ್ರಾಮೀಣ ಯುವಜನರ ಗಮನದಾರಿದ್ರ್ಯ’ ಎಂಬ ಪ್ರಬಂಧ ಕೇಳಿದೆ. ಮಂಡಿಸಿದವರು ನಮಗೆ ಬೆನ್ನು ಹಾಕಿ ಪರದೆಯ ಮೇಲಿದ್ದುದನ್ನು ಓದಿದರು. ಅಧ್ಯಕ್ಷರು ವೇದಿಕೆಯಲ್ಲೇ ವಾಟ್ಸಾಪ್ ನೋಡುತ್ತಿದ್ದರು.

ದಾರಿದ್ರ್ಯ ಯಾರದು ಸ್ವಾಮಿ? ಹೊಗೆಸೊಪ್ಪು ಬೇಯಿಸುವ ಕಾಲಕ್ಕೆ ಈ ಕಡೆ ಬನ್ನಿ. ಸೊಪ್ಪು ಬೇಯಿಸುವ ಮನೆ, ಅಂದರೆ ಒಂದು ಬ್ಯಾರನ್, ಇಳಿಯುವ ತನಕ ಐದಾರು ರಾತ್ರಿ ಒಲೆಗೆ ಸೌದೆ ಒಡ್ಡುತ್ತ, ಥರ್ಮಾಮೀಟರ್ ನೋಡುತ್ತ ಕೂತಿರುತ್ತಾನೆ ಹುಡುಗ. ಶಾಖ ತಪ್ಪಿದರೆ ಸೊಪ್ಪಿನ ಬಣ್ಣ ಕೆಟ್ಟಿತು, ಹರಾಜಿನಲ್ಲಿ ಬೆಲೆ ಬಿತ್ತು. ವರ್ಷದ ಸಾಲ ಆ ಎಚ್ಚರದ ಮೇಲೆ ನಿಂತಿದೆ. ನಡುರಾತ್ರಿ ಎಚ್ಚರವಾಗಿರುವ ಅವನ ಕೈಲಿ ಮೊಬೈಲಿದೆ, ಯಾಕೆಂದರೆ ಬೇರೇನನ್ನೂ ಯಾರೂ ಕೊಟ್ಟಿಲ್ಲ. 1965ರ ಗ್ರಂಥಾಲಯ ಕಾಯಿದೆಯ ಹೆಸರಲ್ಲಿ ಮನೆ ಕಂದಾಯದ ಜೊತೆ ನೂರಕ್ಕೆ ಆರು ರೂಪಾಯಿ ಅವನಪ್ಪನಿಂದಲೂ ವಸೂಲಾಗುತ್ತದೆ. ನಾನು ನೋಡಿದ ಪಂಚಾಯಿತಿ ಗ್ರಂಥಾಲಯದಲ್ಲಿದ್ದದ್ದು ಕಾಲ ಮೀರಿದ ಪರೀಕ್ಷೆಯ ಗೈಡುಗಳು, ಕೊನೆಯ ಹಾಳೆಗಳಿಲ್ಲದ ಕಾದಂಬರಿಗಳು. ಕತೆ ಮುಗಿಯುವುದನ್ನೇ ಕಾಣದವನಿಗೆ ಓದಿ ಮುಗಿಸುವ ಅಭ್ಯಾಸವಿಲ್ಲವೆಂದು ಬೈಯುತ್ತಾರೆ!

ಆ ಸಂಕಿರಣದ ಹಾರ, ಶಾಲು, ಹೋಳಿಗೆ ಊಟದ ದುಡ್ಡಿಗೆ ತೇಜಸ್ವಿಯವರ ‘ಕರ್ವಾಲೊ’ ಎಷ್ಟು ಪ್ರತಿ ಬರುತ್ತಿದ್ದವು, ಎಷ್ಟು ಬ್ಯಾರನ್ನಿಗೆ ಸಾಲುತ್ತಿದ್ದವು ಎಂಬುದನ್ನು ಮುಂದಿನ ಸಂಶೋಧಕರಿಗೆ ಬಿಡಲಾಗಿದೆ.